ಕೂಸು ತೋರಿಸುವ ಹುಕುಮು

ಎಮ್ಮೆ ಜಪ್ತಿ ಮಾಡುವುದು ಸುಲಭ. ಹಗ್ಗ ಹಿಡಿದು ಜಗ್ಗಿದರೆ ಬರುತ್ತದೆ, ಕೋರ್ಟಿನ ಅಂಗಳದ ಬೇವಿನ ಮರಕ್ಕೆ ಕಟ್ಟಿದರೆ ನಿಲ್ಲುತ್ತದೆ, ಕಣಿಕೆ ಹಾಕಿದರೆ ತಿನ್ನುತ್ತದೆ. ಟ್ರ್ಯಾಕ್ಟರ್ ಇನ್ನೂ ಸುಲಭ. ಮನೆ ಖಾಲಿ ಮಾಡಿಸುವಾಗ ನಾಲ್ಕು ಜನ ಬೈಯುತ್ತಾರೆ, ಮುದುಕಿಯೊಬ್ಬಳು ಮಣ್ಣು ತೂರಿ ಶಾಪ ಹಾಕುತ್ತಾಳೆ, ಆಮೇಲೆ ಬೀಗ ಬೀಳುತ್ತದೆ, ಕೆಲಸ ಮುಗಿಯುತ್ತದೆ. ಬೇಲೀಫನ ನೌಕರಿಗೆ ಹೊಸದಾಗಿ ಸೇರಿದ ಹುಡುಗರು ನನ್ನನ್ನು ಹುಡುಕಿಕೊಂಡು ಬಂದು, "ಎಲ್ಲಾದಕ್ಕಿಂತ ಕಠಿಣ ಕೆಲಸ ಯಾವುದ್ರಿ ಕಾಕಾ?" ಎಂದು ಕೇಳುವಾಗ ಕಲ್ಲು, ಕೊಡಲಿ, ನಾಯಿ ಬಿಟ್ಟ ಕಥೆಯನ್ನು ನಿರೀಕ್ಷಿಸುತ್ತಾರೆ. ಅವೂ ಇವೆ. ಆದರೆ ನಾನು ಹೇಳುವುದು ಒಂದೇ. ಕೂಸು ತೋರಿಸುವ ಹುಕುಮು ಕೈಗೆ ಬಂದ ದಿನ ನಿಮಗೇ ತಿಳಿಯುತ್ತದೆ.

ನಾನು ಇಂಡಿಯವನು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ, ಈ ನಾಲ್ಕು ಊರುಗಳ ಕೋರ್ಟುಗಳ ನಡುವೆ ಗಾಣದೆತ್ತಿನಂತೆ ಸುತ್ತಿ ನಿವೃತ್ತನಾದೆ. ಬಡ್ತಿ ಯಾವಾಗ ಬಂತು, ಯಾವಾಗ ತಪ್ಪಿತು ಎಂಬ ಪುರಾಣ ಬೇಡ. ಅದನ್ನು ಕೇಳಿ ನನ್ನ ಹೆಂಡತಿಗೇ ಸಾಕಾಗಿದೆ.

ಕೆಲಸ ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ. ಗಂಡ ಹೆಂಡತಿ ಬೇರೆಯಾಗುತ್ತಾರೆ, ಕೂಸು ಒಬ್ಬರ ಹತ್ತಿರ ಉಳಿಯುತ್ತದೆ. ಇನ್ನೊಬ್ಬರಿಗೆ ಇಂಥ ರವಿವಾರ, ಇಂಥ ಜಾಗದಲ್ಲಿ, ಇಷ್ಟು ಹೊತ್ತು ಕೂಸನ್ನು ತೋರಿಸಬೇಕು ಎಂದು ಕೋರ್ಟು ಹೇಳುತ್ತದೆ. ಹೂಂ ಎಂದು ತಲೆಯಾಡಿಸಿ ಮನೆಗೆ ಹೋದವರು ತೋರಿಸುವುದಿಲ್ಲ. ಆಗ ಇನ್ನೊಬ್ಬರು ಅಮಲ್ಜಾರಿಗೆ ಅರ್ಜಿ ಹಾಕುತ್ತಾರೆ, ಅಂದರೆ ಕೊಟ್ಟ ಹುಕುಮನ್ನು ನಡೆಸಿಕೊಡಿ ಎಂದು ಕೇಳುತ್ತಾರೆ. ನಡೆಸಿಕೊಡಲು ಹೋಗುವವನು ನ್ಯಾಯಾಧೀಶನಲ್ಲ, ವಕೀಲನೂ ಅಲ್ಲ. ಹೆಗಲಿಗೆ ಚೀಲ ಹಾಕಿಕೊಂಡು ಹೊರಡುವ ಬೇಲೀಫ.

ಸಿಂದಗಿಯಲ್ಲಿ ನಮಗೆ ಕೆಲಸ ಹಂಚುತ್ತಿದ್ದ ನಾಜರ್ ಸಾಹೇಬರು ಮಹಾ ಸಿಡುಕಿನ ಮನುಷ್ಯ. ಬಾಯಿಯ ತುಂಬ ತಂಬಾಕು, ಮಾತೆಲ್ಲ ಅದರ ಸಂದಿಯಿಂದ. ಇಂಥ ಹುಕುಮು ಮೊದಲ ಸಲ ನನ್ನ ಕೈಗಿಟ್ಟಾಗ ಕಿಡಕಿಯ ಹೊರಗೆ ಉಗುಳಿ ಬಂದು ಹೇಳಿದರು: "ಮೂರ ಮಾತ ನೆಪ್ಪಿಟ್ಟುಕೋ. ಕೂಸಿನ ರಟ್ಟಿಗೆ ಕೈ ಹಾಕಬ್ಯಾಡ, ತಾನಾಗಿ ಬಂದ್ರ ಕರ್ಕೊಂಡ ಬಾ. ಗಾಡಿ ಮ್ಯಾಲ ಕೂಡಿಸಬ್ಯಾಡ, ಬಿದ್ದು ಹಲ್ಲ ಮುರಕೊಂಡ್ರ ನಿನ್ನ ನೌಕರಿ ಹೊಕ್ಕೈತಿ. ಷರಾ ಬರಿಯಾಗ ಕಂಡದ್ದಷ್ಟ ಬರಿ, ಕೇಳಿದ್ದು ಬರೀಬ್ಯಾಡ."

ಷರಾ ಎಂದರೆ ಹೋಗಿ ಬಂದ ಮೇಲೆ ಹುಕುಮಿನ ಬೆನ್ನಿಗೆ ಬೇಲೀಫ ಬರೆಯುವ ವರದಿ. ಊರಿಗೇ ಹೋಗದೆ ಬಸ್‌ಸ್ಟ್ಯಾಂಡಿನ ಹೋಟೆಲಿನಲ್ಲಿ ಮಿರ್ಚಿ ತಿನ್ನುತ್ತ "ಮನೆಗೆ ಬೀಗ ಹಾಕಿತ್ತು" ಎಂದು ಬರೆದವರನ್ನು ನಾನು ಬಲ್ಲೆ. ನಾನು ಬರೆಯಲಿಲ್ಲ. ನಲವತ್ತು ಊರಿನ ಧೂಳು ಕುಡಿದರೂ ಒಂದು ಸುಳ್ಳು ಷರಾ ನನ್ನ ಕೈಯಿಂದ ಹೋಗಲಿಲ್ಲ. ಈ ಒಂದು ವಿಷಯದಲ್ಲಿ ನನಗೆ ಜಂಬವಿತ್ತು.

ಕೂಸು ತೋರಿಸುವುದಿಲ್ಲ ಎಂದು ಯಾರೂ ಹೇಳುವುದಿಲ್ಲ, ಇದನ್ನು ಮೊದಲು ತಿಳಿದುಕೊಳ್ಳಿ. "ಬರ್ರಿ ಸಾಹೇಬ್ರ, ಕೂಡ್ರಿ, ಚಾ ತಗೋರಿ" ಎನ್ನುತ್ತಾರೆ. ಆಮೇಲೆ ಕೂಸಿಗೆ ಜ್ವರ ಬಂದಿರುತ್ತದೆ, ಇಲ್ಲವೇ ಅದು ಮಾವನ ಊರಿಗೆ ಹೋಗಿರುತ್ತದೆ. ಸಾಲೋಟಗಿಯ ಹತ್ತಿರ ಒಂದು ಮನೆಯಲ್ಲಿ ನಾನು ಹೋದಾಗಲೆಲ್ಲ ಕೂಸು ಮಲಗಿರುತ್ತಿತ್ತು. ಕಣ್ಣು ಬಿಗಿಯಾಗಿ ಮುಚ್ಚಿಕೊಂಡಿರುತ್ತಿತ್ತು, ರೆಪ್ಪೆಗಳು ಮಾತ್ರ ನಡುಗುತ್ತಿದ್ದವು. ಅಲ್ಲಿ ಕೂಸನ್ನು ಇಟ್ಟುಕೊಂಡವನು ಅಪ್ಪ, ಹೊರಗೆ ಬೀದಿಯಲ್ಲಿ ಚಕ್ಕುಲಿಯ ಡಬ್ಬಿ ಹಿಡಿದು ನಿಂತವಳು ತಾಯಿ. ಎಬ್ಬಿಸಿರಿ ಎಂದರೆ ಅವನು, "ನಿದ್ದ್ಯಾಗಿಂದ ಎಬ್ಬಿಸಿದ್ರ ಹೆದರತೈತ್ರಿ" ಎನ್ನುತ್ತಿದ್ದ. ತೋರಿಸಲಿಲ್ಲ ಎಂದು ಪಂಚನಾಮೆ ಮಾಡಲು ಊರಿನ ಇಬ್ಬರ ಸಹಿ ಬೇಕು. ಯಾರನ್ನು ಕೇಳಿದರೂ ಒಂದೇ ಉತ್ತರ: "ನಾಳಿ ನಾವು ಅವರ ಮನಿ ಮುಂದನ ಅಡ್ಡಾಡಬೇಕಲ್ರಿ."

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂದು ಗಾದೆ ಕಟ್ಟಿದವರು ಕೋರ್ಟು ಕಂಡವರಲ್ಲ. ಕಂಡಿದ್ದರೆ ಬೇರೆ ಗಾದೆ ಕಟ್ಟುತ್ತಿದ್ದರು. ಹುಕುಮು ಮೀರಿದವರ ಆಸ್ತಿ ಜಪ್ತಿ ಮಾಡಬಹುದು, ಅವರನ್ನು ಸಿವಿಲ್ ಜೈಲಿಗೂ ಕಳಿಸಬಹುದು. ಕಾಯಿದೆಯಲ್ಲಿದೆ. ತಾಯಿಯನ್ನು ಜೈಲಿಗೆ ಕಳಿಸಿ ಆ ಕೂಸಿನ ಮುಂದೆ ಅಪ್ಪ ಯಾವ ಮುಖ ಹೊತ್ತು ಕೂಡಬೇಕು?

ಮುದ್ದೇಬಿಹಾಳದಲ್ಲಿದ್ದಾಗ ಒಬ್ಬ ಗೌಂಡಿಯ ಜೊತೆ ಹೋಗಿದ್ದೆ. ಗೋವಾದಲ್ಲಿ ಮನೆ ಕಟ್ಟುವವನು. ಮಗನನ್ನು ತೊಟ್ಟಿಲಲ್ಲಿ ನೋಡಿದ್ದು ಬಿಟ್ಟರೆ ನೋಡಿರಲೇ ಇಲ್ಲ. ಅಂದು ಹೆಂಡತಿಯ ಮನೆಯಲ್ಲಿ ಜ್ವರವಿಲ್ಲ, ಬೀಗವಿಲ್ಲ. ಹೊಸ ಅಂಗಿ ಹಾಕಿಸಿದ ಹುಡುಗನನ್ನು ಹೆಂಡತಿಯ ಅಣ್ಣ ತಾನೇ ಕೈಹಿಡಿದು ತಂದು ಹನುಮಪ್ಪನ ಗುಡಿಯ ಕಟ್ಟೆಯ ಮೇಲೆ ಕೂಡಿಸಿದ. ಹುಡುಗ "ಅಪ್ಪಾ" ಎಂದ. ಗೌಂಡಿ ಅವನನ್ನು ಅಪ್ಪಿಕೊಂಡು ಗೊಳೋ ಎಂದು ಅತ್ತ. ಚೀಲದಿಂದ ಪ್ಲಾಸ್ಟಿಕ್ ಜೆಸಿಬಿ ತೆಗೆದು ಕೊಟ್ಟ. ಇಬ್ಬರೂ ಕಟ್ಟೆಯ ಬುಡದಲ್ಲಿ ಕೂತು ಮಣ್ಣು ತೋಡತೊಡಗಿದರು. ಒಂದು ಹುಕುಮಾದರೂ ಸರಿಯಾಗಿ ನಡೆಯಿತಲ್ಲ ಎಂದು ನಾನು ಹಿಗ್ಗಿದೆ. ಸ್ವಲ್ಪ ಹೊತ್ತಿಗೆ ಹುಡುಗ ಎದ್ದು ನನ್ನ ಕಡೆ ಬಂದು ಮೆತ್ತಗೆ ಕೇಳಿದ: "ಮಾಮಾ, ಈಗ ನಾ ನಮ್ಮ ಅಪ್ಪನ ಕಡೆ ಹೋಗಲ್ಯಾ?"

ಅವನು ಹೆಂಡತಿಯ ಅಣ್ಣನ ಮಗ. ನಿಜವಾದ ಮಗನನ್ನು ಬೆಳಿಗ್ಗೆಯೇ ತಾಳಿಕೋಟೆಗೆ ದಾಟಿಸಿದ್ದರು. ನಾನು ಕೂಗಾಡಿದೆ, ಪಂಚರನ್ನು ಕರೆದೆ, ಚೀಲದಿಂದ ಕಾಗದ ತೆಗೆದೆ. ಗೌಂಡಿ ಮಣ್ಣಿನಿಂದ ತಲೆ ಎತ್ತಲಿಲ್ಲ. "ಬರಿಯೂದು ಆಮ್ಯಾಲ ಬರೀರಿ ಸಾಹೇಬ್ರ. ಇನ್ನಾ ಸ್ವಲ್ಪ ಹೊತ್ತ ಐತೆಲ್ಲಾ, ಕೂಡ್ತೇನಿ" ಎಂದ. ಉಳಿದ ಹೊತ್ತೆಲ್ಲ ಆ ಬೇರೆಯವರ ಮಗನ ಜೊತೆ ಮಣ್ಣು ತೋಡುತ್ತ ಕುಳಿತ. ಅವನ ಮೇಲೆ ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಸುಳ್ಳೆಂದು ತಿಳಿದ ಮೇಲೂ ಮನುಷ್ಯ ಹೇಗೆ ಕೂಡುತ್ತಾನೆ? ನಾನು ಕಂಡದ್ದನ್ನು ಕಂಡ ಹಾಗೆ ಬರೆದೆ, ಅಣ್ಣನಿಗೆ ಕೋರ್ಟು ಛೀಮಾರಿ ಹಾಕಿತು. ಗೌಂಡಿ ಮುಂದಿನ ಭೇಟಿಗೆ ಬರಲಿಲ್ಲ. ಆಮೇಲೂ ಬರಲಿಲ್ಲ.

ಇನ್ನು ಶಿವಪುತ್ರನ ಮಾತು. ಇಷ್ಟೆಲ್ಲ ಪೀಠಿಕೆ ಹಾಕಿದ್ದು ಅವನಿಗಾಗಿಯೇ.

ಶಿವಪುತ್ರ ಚಡಚಣದ ಕಡೆ ದ್ರಾಕ್ಷಿ ತೋಟಗಳಿಗೆ ಔಷಧ ಹೊಡೆಯುವವನು. ಹೆಂಡತಿ ರೇಣುಕಾ, ಅವನ ಸ್ವಂತ ಅಕ್ಕ ಗುರುಬಾಯಿಯ ಮಗಳು. ಅಕ್ಕನ ಮಗಳನ್ನು ತಮ್ಮನಿಗೆ ಕೊಡುವುದು ನಮ್ಮ ಕಡೆ ಹೊಸದಲ್ಲ, ಮನೆಯ ಹೆಣ್ಣು ಮನೆಯಲ್ಲೇ ಉಳಿಯಲಿ ಎಂದು ಕೊಡುತ್ತಾರೆ. ತಾಯಿ ಸತ್ತ ಮೇಲೆ ಈ ತಮ್ಮನನ್ನು ಬೆಳೆಸಿದವಳೇ ಗುರುಬಾಯಿ. ಒಂದು ದಿನ ಅವನು ಕುಡಿದು ಬಂದು ರೇಣುಕಾಳ ಮೇಲೆ ಕೈ ಮಾಡಿದ. ಅವಳು ಮಗಳು ಭೂಮಿಕಾಳನ್ನು ಎತ್ತಿಕೊಂಡು ನಿಡಗುಂದಿಯ ಹತ್ತಿರದ ತವರಿಗೆ ಹೋದವಳು ತಿರುಗಿ ಬರಲಿಲ್ಲ. ತಪ್ಪು ಅವನದೇ. ಅವನೂ ಇಲ್ಲವೆನ್ನಲಿಲ್ಲ, ಕುಡಿತ ಬಿಟ್ಟ, ಅಕ್ಕನ ಕಾಲಿಗೂ ಬಿದ್ದ.

ಬೀಗರ ನಡುವೆ ಜಗಳವಾದರೆ ಎರಡೂ ಕಡೆಯ ಹಿರಿಯರು ಚಾಪೆ ಹಾಸಿ ಕೂಡುತ್ತಾರೆ, ಬೈದಾಡುತ್ತಾರೆ, ಕೊನೆಗೆ ಏನೋ ಒಂದು ಬಗೆಹರಿಸುತ್ತಾರೆ. ಇಲ್ಲಿ ಎರಡು ಕಡೆಯೇ ಇರಲಿಲ್ಲ. ಅವನ ಪರವಾಗಿ ಮಾತಾಡಬೇಕಾದ ಅಕ್ಕನೇ ಅವಳ ಪರವಾಗಿ ನಿಂತ ತಾಯಿ. ಶಿವಪುತ್ರ ತಂದ ಹುಕುಮು ಹಿಡಿದು ನಾನು ಮೊದಲ ಸಲ ಅವನ ಜೊತೆ ಹೋದಾಗ ಗುರುಬಾಯಿ ಬಾಗಿಲಿಗೆ ಅಡ್ಡ ನಿಂತಳು. "ಹೊರಗಿನಾಂವ ಆಗಿದ್ರ ನಾಕ ಬೈದು ಒಳಗ ಕರಕೋತಿದ್ದೆ ಸಾಹೇಬ್ರ. ಇಂವ ನನ್ನ ಕೈತುತ್ತ ತಿಂದು ಬೆಳದಾಂವ. ನನ್ನ ಮಗಳ ಮ್ಯಾಲನ ಕೈ ಎತ್ತ್ಯಾನ. ಕೂಸಿನ ನೆಳ್ಳ ಸೈತ ತೋರಸಂಗಿಲ್ಲ" ಎಂದಳು. ಆಕೆಯ ಕಣ್ಣಿನಲ್ಲಿ ನೀರಿತ್ತು. ಅಷ್ಟರಲ್ಲಿ ಅವಳ ಮಗ ಬಡಿಗೆ ಹಿಡಿದು ಬಂದ, ಶಿವಪುತ್ರ ಕಾಲುವೆಯ ದಂಡೆಗುಂಟ ಓಡಿದ.

ಬಸವನ ಬಾಗೇವಾಡಿ ಕೋರ್ಟಿಗೆ ಆಗ ಬಂದಿದ್ದ ನ್ಯಾಯಾಧೀಶೆ ತಾಳ್ಮೆಯ ಹೆಣ್ಣುಮಗಳು. ಅಪ್ಪ ಆ ಊರಿನ ಸೀಮೆಯೊಳಗೆ ಕಾಲಿಡಕೂಡದು, ಬೇಲೀಫನೇ ಮನೆಯಿಂದ ಕೂಸನ್ನು ಕರೆತಂದು ದೊಡ್ಡ ರಸ್ತೆಯ ಬಸ್ ನಿಲ್ಲುವಲ್ಲಿರುವ ಗುಡಿಯಲ್ಲಿ ಒಂದು ತಾಸು ತೋರಿಸಿ ತಿರುಗಿ ಒಪ್ಪಿಸಬೇಕು, ತಪ್ಪಿಸಿದರೆ ಗುರುಬಾಯಿ ಮತ್ತು ರೇಣುಕಾ ಇಬ್ಬರೂ ಕೋರ್ಟಿಗೆ ಬಂದು ಕಾರಣ ಹೇಳಬೇಕು ಎಂದರು. ಒಳ್ಳೆಯ ಹುಕುಮು. ನಾನೂ ಹಾಗೆಯೇ ತಿಳಿದಿದ್ದೆ.

ಮೊದಮೊದಲು ಭೂಮಿಕಾ ಬರಲಿಲ್ಲ. ರಟ್ಟೆಗೆ ಕೈ ಹಾಕುವಂತಿಲ್ಲವಲ್ಲ, ನಾನು ಅವರ ಕಟ್ಟೆಯ ಮೇಲೆ ಕೂತು ಎದ್ದು ಬರುತ್ತಿದ್ದೆ. ಒಂದು ರವಿವಾರ ಅವಳೇ ಚಪ್ಪಲಿ ಮೆಟ್ಟಿಕೊಂಡು ಬಂದು, "ನಡೀರಿ" ಎಂದಳು. ಅಂಗನವಾಡಿ ಮುಗಿಸಿ ಶಾಲೆಗೆ ಸೇರುವ ವಯಸ್ಸು. ಗಾಡಿಯ ಮೇಲೆ ಕೂಡಿಸುವಂತಿಲ್ಲ, ಆದ್ದರಿಂದ ನನ್ನ ಗಾಡಿಯನ್ನು ಗುಡಿಯ ಹತ್ತಿರವೇ ಬಿಟ್ಟು ಕಾಲುವೆಯ ದಂಡೆಯ ಮೇಲೆ ನಡೆದೇ ಹೋಗಿ ನಡೆದೇ ಬರುತ್ತಿದ್ದೆವು. ಸಣ್ಣ ಕಾಲು, ದಾರಿ ಬಹಳ. ಅಪ್ಪನಿಗೆ ಕೊಟ್ಟ ತಾಸಿಗಿಂತ ನನಗೆ ಸಿಕ್ಕ ದಾರಿಯೇ ದೊಡ್ಡದು.

ಆ ದಾರಿಯಲ್ಲಿ ಅವಳ ಬಾಯಿಗೆ ಬಿಡುವಿರಲಿಲ್ಲ. ಕಾಲುವೆ ನೀರು ಎಲ್ಲಿಗೆ ಹೋಗತೈತಿ, ಅಲ್ಲಿ ಯಾರದಾರ? ಕೊಕ್ಕರೆ ಒಂದೇ ಕಾಲಿನ ಮೇಲೆ ನಿಂತರೆ ಇನ್ನೊಂದು ಕಾಲಿಗೆ ಬೇಸರ ಬರೂದಿಲ್ಲೇನು? ಹಲ್ಲು ಬಿದ್ದಾಗ ಸಗಣಿಯಲ್ಲಿ ಸುತ್ತಿ ಮನೆಯ ಮೇಲೆ ಒಗೆದದ್ದು, ಅದು ಉರುಳಿ ಕೆಳಗೆ ಬಿದ್ದದ್ದು, ಇನ್ನು ಹಲ್ಲೇ ಬರುವುದಿಲ್ಲ ಎಂದು ಅತ್ತದ್ದು. ಒಮ್ಮೆ, "ನಿಮಗ ನೀರ ಕೊಡು ಗ್ಲಾಸ್ ಯಾಕ ಹಿತ್ತಲದಾಗ ಇಡ್ತಾರ ಮಾಮಾ?" ಎಂದು ಕೇಳಿದಳು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಪಟವಿದೆ, ಗುರುಬಾಯಿಗೆ ಅದು ಗೊತ್ತಿತ್ತು. "ನಿಮ್ಮ ಆಯಿಗೆ ಕೇಳು" ಎಂದು ಪ್ರಶ್ನೆಯನ್ನು ಅವಳ ಅಜ್ಜಿಗೇ ಬಿಟ್ಟೆ. ಮತ್ತೊಮ್ಮೆ ನಿಂತು ಕೇಳಿದಳು: "ಅಪ್ಪ ಅಂದ್ರ ಬಸ್‌ಸ್ಟ್ಯಾಂಡಿನ್ಯಾಗ ಇರಾವರೇನ್ರಿ?"

ಗುಡಿ ಬಂದ ಕೂಡಲೇ ಬಾಯಿಗೆ ಬೀಗ. ಶಿವಪುತ್ರ ಮೊದಲ ಬಸ್ಸಿಗೇ ಬಂದು ಕಾಯುತ್ತಿದ್ದ. ತೊಳೆದ ದ್ರಾಕ್ಷಿಯನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ತರುತ್ತಿದ್ದ. "ಊಟ ಮಾಡಿದೇನವಾ?" "ಹೂಂ." "ಸಾಲಿಗೆ ಹೋಗ್ತಿ?" "ಹೂಂ." ಅವನಿಗೆ ಮುಂದಿನ ಪ್ರಶ್ನೆ ತೋಚುತ್ತಿರಲಿಲ್ಲ. ಅವಳು ನನ್ನ ಮುಖ ನೋಡುತ್ತ ಕೂಡುತ್ತಿದ್ದಳು. ನಾನು ಎದ್ದು ದೂರ ಹೋದರೆ ಎದ್ದು ಹಿಂದೆ ಬರುತ್ತಿದ್ದಳು. ತಿರುಗಿ ಹೋಗುವಾಗ ಕಾಲುವೆಯ ದಂಡೆ ಹತ್ತಿದ ಕೂಡಲೇ ಮಾತು ಮತ್ತೆ ಶುರು. ಕೈಯಲ್ಲಿದ್ದ ದ್ರಾಕ್ಷಿಯನ್ನು ಒಂದೊಂದಾಗಿ ನೀರಿಗೆ ಒಗೆಯುತ್ತಿದ್ದಳು. "ತಿನ್ನವಾ" ಎಂದರೆ, "ಆಯಿ ಬಾಯಿ ಮೂಸಿ ನೋಡ್ತಾಳ. ಅಪ್ಪನ ಸಂಗಾಟ ಮಾತಾಡಿದ್ರ, ಅಪ್ಪ ಕೊಟ್ಟದ್ದು ತಿಂದ್ರ ಅವ್ವ ಅಳ್ತಾಳ" ಎಂದಳು. ಅವಳ ಮೌನ ಹಟವಲ್ಲ, ತಾಯಿಯ ಮೇಲಿನ ಪ್ರೀತಿ. ಪ್ರೀತಿಯನ್ನು ಯಾವ ಹುಕುಮು ಜಪ್ತಿ ಮಾಡಬೇಕು?

ಒಂದು ದಿನ ಶಿವಪುತ್ರ ನನ್ನನ್ನು ಬದಿಗೆ ಕರೆದ. "ದಾರ್ಯಾಗ ಮಾತಾಡ್ತಾಳ್ರಿ ಆಕಿ?"

"ಮಾತಾಡ್ತಾಳ."

"ನಾ ಅರ್ಧಾ ಕಾಲುವಿ ತನಕಾರೆ ಬರ್ಲ್ಯಾ? ಹಿಂದಿಂದ ಬರ್ತೇನಿ, ದೂರ."

ಕಾಲುವೆಯ ದಂಡೆ ಪೂರ್ತಿ ಆ ಊರಿನ ಸೀಮೆ. ಸೇತುವೆಯ ಮೇಲೆ ಗುರುಬಾಯಿಯ ಮಗ ಕೂತಿರುತ್ತಿದ್ದ. ಶಿವಪುತ್ರ ಒಂದು ಹೆಜ್ಜೆ ಇಟ್ಟರೂ ಹುಕುಮು ಅಂದೇ ರದ್ದಾಗುತ್ತಿತ್ತು. ಆಗುವುದಿಲ್ಲ ಎಂದೆ. ಬಾಗೇವಾಡಿಯ ನಾಜರರಿಗೆ ಈ ಮಾತನ್ನೆಲ್ಲ ಹೇಳಿದೆ, ಅವರು ತಲೆ ಕೆರೆದುಕೊಂಡು, "ಹುಕುಮಿನ್ಯಾಗ ತೋರಸು ಅಂತ ಐತಿ ಮಾರಾಯ, ಮಾತಾಡಸು ಅಂತ ಎಲ್ಲೈತಿ?" ಎಂದರು. ನಾನು ಪ್ರತಿ ಸಲ ಷರಾ ಬರೆದೆ: ಕೂಸನ್ನು ಹಾಜರುಪಡಿಸಿದೆ, ಭೇಟಿಯಾಯಿತು, ತಿರುಗಿ ಒಪ್ಪಿಸಿದೆ. ಕಂಡದ್ದು ಅಷ್ಟೇ. ಕಾಗದದ ಮೇಲೆ ನೋಡಿದರೆ ನಾಲ್ಕೂ ಊರಿನ ಕೋರ್ಟುಗಳಲ್ಲಿ ಇಷ್ಟು ಚೆನ್ನಾಗಿ ನಡೆದ ಹುಕುಮು ಇನ್ನೊಂದಿರಲಿಲ್ಲ.

ಆಮೇಲೆ ಕೊರೋನಾ ಬಂತು, ಭೇಟಿ ಫೋನಿನ ಮೇಲಾಯಿತು. ರೋಗ ಹೋದರೂ ಫೋನು ಹೋಗಲಿಲ್ಲ. ಹೆಣ್ಣುಮಗು ಬಿಸಿಲಿನಲ್ಲಿ ನಡೆಯುವುದು ಯಾಕೆ, ಮುಖ ಕಂಡರೆ ಸಾಕಲ್ಲ ಎಂದು ಗುರುಬಾಯಿಯ ಕಡೆಯ ವಕೀಲರು ವಾದಿಸಿದರು, ಕೋರ್ಟು ಒಪ್ಪಿತು. ಹೊಸ ಪದ್ಧತಿ ಎಂದು ಎಲ್ಲರೂ ಹೊಗಳಿದರು. ಶಿವಪುತ್ರ ಕೋರ್ಟಿನ ಕೋಣೆಯಲ್ಲಿ ಫೋನು ಹಿಡಿದು ಕೂಡುವುದು, ಭೇಟಿಯಾಯಿತೆಂದು ಬರೆಯಲು ನಾನು ಪಕ್ಕದಲ್ಲಿ ಕೂಡುವುದು. ಆ ಕಡೆಯವರು ತಮ್ಮ ಫೋನನ್ನು ನೆಲದ ಮೇಲೆ ಅಂಗಾತ ಇಟ್ಟುಬಿಡುತ್ತಿದ್ದರು. ಪರದೆಯ ತುಂಬ ಗುರುಬಾಯಿಯ ಮನೆಯ ಫ್ಯಾನು ತಿರುಗುತ್ತಿತ್ತು. "ಊಟ ಮಾಡಿದೇನವಾ?" ಎಂದರೆ ಎಲ್ಲಿಂದಲೋ "ಹೂಂ" ಬರುತ್ತಿತ್ತು. ಒಂದು ದಿನ ಅವಳೇ ಫೋನು ಎತ್ತಿಕೊಂಡಳು. ಮುಖ ಕಂಡಿತು, ದೊಡ್ಡ ಹುಡುಗಿಯಾಗಿದ್ದಳು. ಪರದೆಯ ಮೂಲೆಯಲ್ಲಿ ನಾನು ಕಂಡೆನೇನೋ, "ಬೇಲೀಫ ಮಾಮಾ!" ಎಂದು ಕೂಗಿದಳು. "ನಮ್ಮ ಆಕಳ ಈದೈತಿ, ಹಣಿ ಮ್ಯಾಲ ಬಿಳೀ ಚುಕ್ಕಿ ಐತ್ರಿ ಕರಕ್ಕ!" ಎಂದು ಒಂದೇ ಉಸಿರಿನಲ್ಲಿ ಹೇಳುತ್ತ ಹೋದಳು. ನನ್ನ ಪಕ್ಕದಲ್ಲಿದ್ದ ಅಪ್ಪನ ಮುಖ ನೋಡಿದಳು. ಮಾತು ನಿಂತಿತು. ಫ್ಯಾನು ಬಂತು.

ಶಿವಪುತ್ರ ಫೋನನ್ನು ಕಿಸೆಗಿಡುತ್ತ, "ನಿಮ್ಮ ಪುಣ್ಯಾ ದೊಡ್ಡದ್ರಿ" ಎಂದ. ಅದರಲ್ಲಿ ಕೊಂಕಿರಲಿಲ್ಲ. ಕೊಂಕಿದ್ದರೆ ಚೆನ್ನಾಗಿರುತ್ತಿತ್ತು.

ನಾನು ನಿವೃತ್ತನಾದ ಮೇಲೆ ಅವನು ಮತ್ತೆ ಅರ್ಜಿ ಹಾಕಿ, ಮೊದಲಿನ ಹಾಗೆ ಗುಡಿಯಲ್ಲಿ ಭೇಟಿ ಬೇಕೆಂದು ಕೇಳಿದ. ಹೊಸದಾಗಿ ಬಂದ ನ್ಯಾಯಾಧೀಶರು ಹುಡುಗಿಯನ್ನು ಒಳಗೆ ಕರೆದು ವಿಚಾರಿಸಿದರಂತೆ. "ಹಳೇ ಬೇಲೀಫ ಮಾಮಾ ಬಂದ್ರ ಬರ್ತೇನಿ, ಇಲ್ಲಂದ್ರ ಒಲ್ಲೆ" ಎಂದಳಂತೆ. ಅವರು ನಿವೃತ್ತರಾಗಿದ್ದಾರೆ ಎಂದರೆ, "ಹಂಗಾದ್ರ ಒಲ್ಲೆ" ಎಂದಳಂತೆ. ಹುಡುಗಿಗೆ ಇಷ್ಟವಿಲ್ಲ, ಒತ್ತಾಯ ಸಲ್ಲದು ಎಂದು ಅರ್ಜಿ ಮುಗಿಯಿತು. ಸುದ್ದಿ ಕೇಳಿ ನಾನೇ ಆ ಊರಿಗೆ ಹೋದೆ. ಗುರುಬಾಯಿ ಅದೇ ಬಾಗಿಲಿನಲ್ಲಿ, "ವಾರಂಟ ತಂದೀರೇನ್ರಿ?" ಎಂದಳು. ಇಲ್ಲ ಎಂದೆ. "ಹಂಗಾರ ಚಾ ಕುಡದು ಹೋಗ್ರಿ" ಎಂದಳು. ನಾನು ಕುಡಿಯಲಿಲ್ಲ. ಭೂಮಿಕಾ ಒಳಗೆ ಇದ್ದಳೋ ಇಲ್ಲವೋ ತಿಳಿಯಲಿಲ್ಲ.

ಅಂದಿನಿಂದ ಭೇಟಿಯ ರವಿವಾರ ಬಂದರೆ ಶಿವಪುತ್ರ ಇಂಡಿಗೆ ನಮ್ಮ ಮನೆಗೆ ಬರುತ್ತಾನೆ. ಗುಡಿಗೆ ಬರುತ್ತಿದ್ದ ಹೊತ್ತಿಗೇ. ಕಟ್ಟೆಯ ಮೇಲೆ ಕೂಡುತ್ತಾನೆ, ನನ್ನ ಹೆಂಡತಿ ಕೊಟ್ಟ ಚಹಾ ಕುಡಿಯುತ್ತಾನೆ. ಆಮೇಲೆ, "ಹೇಳ್ರಿ. ದಾರ್ಯಾಗ ಏನ ಮಾತಾಡ್ತಿದ್ಳು?" ಎನ್ನುತ್ತಾನೆ.

ನಾನು ಹೇಳಿದೆ. ಕೊಕ್ಕರೆ, ಕಾಲುವೆ, ಹಲ್ಲು, ಶಾಲೆಯ ಅಕ್ಕೋರು, ಅವಳ ಗೆಳತಿಯ ಕೆಂಪು ಛತ್ರಿ. ಅವನು ಕಣ್ಣು ಮುಚ್ಚಿ ಕೇಳುತ್ತಿದ್ದ. ಕೇಳಿದ್ದನ್ನು ಬರೆಯಬೇಡ ಎಂದಿದ್ದರು ನಾಜರ್ ಸಾಹೇಬರು, ನಾನು ಬರೆಯಲಿಲ್ಲ. ಹೊಸಬರೇ, ಕಾಗದದ ಮೇಲೆ ಬರೆಯಬೇಡಿ, ಆದರೆ ಒಂದನ್ನೂ ಮರೆಯಬೇಡಿ. ಆ ಅಪ್ಪನಿಗೆ ಮಗಳೆಂದು ಇದ್ದದ್ದು ನನ್ನ ನೆನಪು ಮಾತ್ರ, ನನ್ನ ನೆನಪು ಮುದುಕನದು. ಹೇಳಿದ್ದನ್ನೇ ಹೇಳತೊಡಗಿದೆ. ಅವನು ಬಾಯಿಪಾಠ ಮಾಡಿಕೊಂಡು ನನ್ನನ್ನೇ ತಿದ್ದುತ್ತಿದ್ದ: "ಅಲ್ರಿ, ಹಲ್ಲ ಉಳ್ಳಿ ಬಿದ್ದದ್ದು ಮಳಿಗಾಲದಾಗ ಅಂತ ಹೇಳಿದ್ರಿ."

ಈಚೆಗೆ ಒಂದು ರವಿವಾರ ಚಹಾ ಮುಗಿಸಿ ಕಪ್ಪನ್ನು ಬದಿಗಿಟ್ಟ. ಆಮೇಲೆ ನೆಲ ನೋಡುತ್ತ ಕೇಳಿದ: "ನನ್ನ ವಿಷಯ ಏನಾರೆ ಮಾತಾಡಿದ್ಳೇನ್ರಿ? ಒಮ್ಮೆರೆ?"

ಅವಳು ಕೇಳಿದ್ದು ಆ ಬಸ್‌ಸ್ಟ್ಯಾಂಡಿನ ಪ್ರಶ್ನೆ, ಹೇಳಿದ್ದು ಬಾಯಿ ಮೂಸುವ ಆಯಿಯ ಮಾತು. ಎರಡನ್ನೂ ನಾನು ಅವನಿಗೆ ಹೇಳಿರಲಿಲ್ಲ, ಹೇಳುವುದೂ ಇಲ್ಲ. ಕಾಲುವೆಯ ನೀರಿನ ಮೇಲೆ ಒಂದೊಂದಾಗಿ ಬಿದ್ದ ದ್ರಾಕ್ಷಿ ಕಣ್ಣಿಗೆ ಕಟ್ಟಿದವು.

"ಮಾತಾಡಿದ್ಳಲ್ಲ," ಎಂದೆ. "ತಿರುಗಿ ಹೋಗೂಮುಂದ ನೀ ಕೊಟ್ಟ ದ್ರಾಕ್ಷಿ ದಾರಿತುಂಬ ತಿಂತಿದ್ಳು. ನಮ್ಮ ಅಪ್ಪ ತಂದಷ್ಟು ಸೀ ದ್ರಾ‍ಕ್ಷಿ ಯಾರೂ ತರಂಗಿಲ್ಲ ಅಂತಿದ್ಳು."

ಅವನು ತಲೆ ಎತ್ತಿದ. ಆ ಮುಖವನ್ನು ನಾನು ಹಿಂದೆ ಎಂದೂ ನೋಡಿರಲಿಲ್ಲ. "ಕರೀವೋ ಬಿಳೀವೋ? ನಾ ಎರಡೂ ತರ್ತಿದ್ದೆ" ಎಂದ.

"ಕರೀವು" ಎಂದೆ. ಒಂದು ಕ್ಷಣವೂ ತಡೆಯಲಿಲ್ಲ. ಮುದ್ದೇಬಿಹಾಳದ ಗೌಂಡಿಯ ಮೇಲಿನ ನನ್ನ ಸಿಟ್ಟು ಅಂದು ಇಳಿಯಿತು.

ಮುಂದಿನ ಭೇಟಿಯ ದಿನ ಅವನು ಒದ್ದೆ ಬಟ್ಟೆಯ ಗಂಟು ಹಿಡಿದು ಬಂದ. ಬಿಚ್ಚಿದರೆ ಕರಿ ದ್ರಾಕ್ಷಿ, ತೊಳೆದು ತಂದಿದ್ದ. ಕಟ್ಟೆಯ ಮೇಲೆ ನಮ್ಮಿಬ್ಬರ ನಡುವೆ ಇಟ್ಟು, "ಹೇಳ್ರಿ, ಮತ್ತೇನಂತಿದ್ಳು?" ಎಂದ. ನಾನು ಹೇಳಿದೆ.